ಬಿರುಬೇಸಿಗೆಯಲ್ಲಿ ಕಾರಿನ ಟೈರುಗಳ ಆಯುಷ್ಯ

ಏಪ್ರಿಲ್ ತಿಂಗಳ ಕೊನೆಯಲ್ಲಿ ಶಾಲೆಗಳಿಗೆ ರಜೆ ಆರಂಭವಾಗುತ್ತಲೇ ಹೈದರಾಬಾದಿನ ಕನ್ನಡ ಕುಟುಂಬಗಳು ಊರಿನ ಕಡೆಗೆ ಮುಖ ಮಾಡುವುದು ವಾಡಿಕೆ. ಒಂದು ಕಾಲದಲ್ಲಿ ರೈಲು, ಬಸ್ಸುಗಳೇ ನಮಗೆ ಗತಿಯಾಗಿದ್ದವು. ಇಂದು ಬಹಳಷ್ಟು ಮನೆಗಳ ಮುಂದೆ ಕಾರು ನಿಂತಿದೆ. ಜಹೀರಾಬಾದ್, ಹುಮನಾಬಾದ್ ಮಾರ್ಗವಾಗಿ ಕಲಬುರಗಿಗೆ, ಮಹಬೂಬ್‌ನಗರದ ಮೇಲೆ ಕೃಷ್ಣಾ ನದಿಯನ್ನು ದಾಟಿ ರಾಯಚೂರಿಗೆ, ಕರ್ನೂಲು ಅನಂತಪುರಗಳನ್ನು ಹಾದು ಬೆಂಗಳೂರಿಗೆ ಸಾಗುವ ಈ ಪಯಣಗಳೆಲ್ಲ ನಡೆಯುವುದು ವರ್ಷದ ಅತ್ಯಂತ ಉರಿಬಿಸಿಲಿನ ದಿನಗಳಲ್ಲಿ. ಗಾಳಿಯ ತಾಪಮಾನ 42 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮಧ್ಯಾಹ್ನದಲ್ಲಿ ಕಪ್ಪು ಡಾಂಬರಿನ ಮೈ 60 ಡಿಗ್ರಿಯನ್ನು ಮೀರುತ್ತದೆ. ಆ ಕಾದ ಹೆಂಚಿನ ಮೇಲೆ ಮಡದಿ ಮಕ್ಕಳನ್ನೂ ವಯಸ್ಸಾದ ತಂದೆತಾಯಿಗಳನ್ನೂ ಹೊತ್ತು ಓಡುವ ಕಾರಿಗೂ ನೆಲಕ್ಕೂ ನಡುವೆ ಇರುವುದು ನಾಲ್ಕು ಅಂಗೈಯಗಲದ ರಬ್ಬರು ಮಾತ್ರ.

ಪ್ರಯಾಣಕ್ಕೆ ಮೊದಲು ಎ.ಸಿ. ಸರಿಯಿದೆಯೇ ಎಂದು ನಾವು ನೋಡಿಸುತ್ತೇವೆ, ಎಂಜಿನ್ ಆಯಿಲ್ ಬದಲಿಸುತ್ತೇವೆ. ಬಗ್ಗಿ ಟೈರನ್ನು ನೋಡುವವರು ವಿರಳ. ಆದುದರಿಂದ ಬಿಸಿ ಸೀಮೆಯಲ್ಲಿ ಟೈರು ಏಕೆ ಕೆಡುತ್ತದೆ, ಅದರ ಆಯುಷ್ಯವನ್ನು ಹೇಗೆ ಕಾಯ್ದುಕೊಳ್ಳಬಹುದು ಎಂಬ ವಿಷಯವನ್ನು ಇಲ್ಲಿ ಕೊಂಚ ವಿವರವಾಗಿ ಪರಿಶೀಲಿಸುತ್ತೇವೆ.

ಟೈರನ್ನು ಸುಡುವ ಶಾಖ ಎರಡು ಬಗೆಯದು. ಒಂದು ಹೊರಗಿನ ಬಿಸಿಲು ಮತ್ತು ರಸ್ತೆಯದು. ಇದು ಎಲ್ಲರಿಗೂ ಕಾಣುತ್ತದೆ. ಮತ್ತೊಂದು ಟೈರಿನ ಒಳಗೇ ಹುಟ್ಟುವಂಥದು. ಚಕ್ರ ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ಮೇಲೆ ಬಂದಾಗ ಮತ್ತೆ ದುಂಡಗಾಗುತ್ತದೆ. ಸಾಮಾನ್ಯ ಗಾತ್ರದ ಕಾರಿನ ಚಕ್ರ ಒಂದು ಕಿಲೋಮೀಟರು ಸಾಗುವಷ್ಟರಲ್ಲಿ ಸುಮಾರು ಐನೂರು ಬಾರಿಗಿಂತ ಹೆಚ್ಚು ಹೀಗೆ ಬಾಗಿ ನಿಮಿರುತ್ತದೆ. ರಬ್ಬರು ಬಾಗುವಾಗ ಪಡೆದ ಶಕ್ತಿಯನ್ನೆಲ್ಲ ನಿಮಿರುವಾಗ ಹಿಂದಿರುಗಿಸುವುದಿಲ್ಲ, ಉಳಿದುದು ಶಾಖವಾಗುತ್ತದೆ. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಬಗ್ಗಿದ ಜಾಗ ಬಿಸಿಯಾಗುವುದನ್ನು ಬಾಲ್ಯದಲ್ಲಿ ಎಲ್ಲರೂ ಕಂಡಿದ್ದೇವೆ. ಟೈರಿನಲ್ಲಿ ಗಾಳಿ ಕಡಿಮೆಯಾದಷ್ಟೂ ಅದರ ಪಕ್ಕದ ಗೋಡೆ ಹೆಚ್ಚು ಬಾಗುತ್ತದೆ, ಹೆಚ್ಚು ಬಾಗಿದಷ್ಟೂ ಹೆಚ್ಚು ಕಾಯುತ್ತದೆ. ಚಳಿಗಾಲದಲ್ಲಿ ಈ ಶಾಖವನ್ನು ಗಾಳಿ ಹೊತ್ತೊಯ್ಯುತ್ತದೆ. ಮೇ ತಿಂಗಳ ಗಾಳಿಯೇ ಬಿಸಿಯಾಗಿರುವಾಗ ಒಳಗಿನ ಶಾಖ ಹೊರಹೋಗುವುದು ಕಷ್ಟ. ಹೀಗಾಗಿ ಬೇಸಿಗೆಯಲ್ಲಿ ಟೈರಿನ ಮುಖ್ಯ ಶತ್ರು ಬಿಸಿಲಲ್ಲ, ಬಿಸಿಲಿನೊಡನೆ ಸೇರಿಕೊಂಡ ಗಾಳಿಯ ಕೊರತೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಬಂಧುಮಿತ್ರರಲ್ಲಿ ಅನೇಕರು ಇದಕ್ಕೆ ತೀರ ವಿರುದ್ಧವಾದ ನಂಬಿಕೆಯನ್ನು ಇಟ್ಟುಕೊಂಡಿದ್ದಾರೆ. "ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಟೈರು ಸಿಡಿಯುತ್ತದೆ, ಆದ್ದರಿಂದ ನಾಲ್ಕೈದು ಪೌಂಡು ಕಡಿಮೆ ಇರಲಿ" ಎಂಬ ಮಾತನ್ನು ಪೆಟ್ರೋಲ್ ಬಂಕಿನ ಹುಡುಗರೂ ಹೇಳುತ್ತಾರೆ, ಹಿರಿಯರೂ ಹೇಳುತ್ತಾರೆ. ಗಾಳಿ ಹಿಗ್ಗುವುದು ನಿಜ. ಅದರಿಂದ ಎಳೆದ ತೀರ್ಮಾನ ತಪ್ಪು.

ಲೆಕ್ಕ ಹಾಕಿ ನೋಡೋಣ. ಮುಂಜಾನೆ 27 ಡಿಗ್ರಿ ಇರುವಾಗ ಟೈರಿಗೆ 33 ಪಿ.ಎಸ್.ಐ. ಗಾಳಿ ತುಂಬಿದೆವು ಎನ್ನಿ. ಹೆದ್ದಾರಿಯಲ್ಲಿ ಓಡಿ ಒಳಗಿನ ಗಾಳಿ 57 ಡಿಗ್ರಿಗೆ ಏರಿದರೆ ಅನಿಲ ನಿಯಮದ ಪ್ರಕಾರ ಒತ್ತಡ ಸುಮಾರು 38ಕ್ಕೆ ಹೋಗುತ್ತದೆ. ಈ ಐದು ಪೌಂಡಿನ ಏರಿಕೆ ಟೈರು ತಯಾರಿಸಿದವರಿಗೆ ತಿಳಿಯದ ಸಂಗತಿಯೇನಲ್ಲ. ಬಿಸಿಯಾದಾಗ ಹೀಗೆ ಏರುತ್ತದೆಂದು ಗಣಿಸಿಯೇ ತಣ್ಣಗಿರುವಾಗಿನ ಅಳತೆಯನ್ನು ನಿಗದಿ ಮಾಡಿರುತ್ತಾರೆ. ದಾರಿಯಲ್ಲಿ ಇಂಧನ ತುಂಬಿಸಲು ನಿಂತಾಗ ಗೇಜು 38 ತೋರಿಸಿತೆಂದು ಹೆದರಿ ಐದು ಪೌಂಡು ಹೊರಬಿಟ್ಟರೆ ಏನಾಗುತ್ತದೆ? ಆ ಕ್ಷಣಕ್ಕೆ 33 ಕಾಣುತ್ತದೆ. ಮರುದಿನ ಬೆಳಿಗ್ಗೆ ಊರಿನ ಮನೆಯ ಮುಂದೆ ಕಾರು ತಣ್ಣಗೆ ನಿಂತಾಗ ಅದೇ ಟೈರಿನಲ್ಲಿ ಉಳಿದಿರುವುದು 29 ಪೌಂಡಿಗೂ ಕೊಂಚ ಕಡಿಮೆ. ಹಿಂದಿರುಗುವ ಪಯಣದಲ್ಲಿ ಸೀಟುಗಳ ಹಿಂದೆ ಜೋಳದ ಚೀಲ, ಉಪ್ಪಿನಕಾಯಿ ಜಾಡಿ, ಮಾವಿನ ಬುಟ್ಟಿಗಳೂ ಏರುತ್ತವೆ. ಭಾರ ಹೆಚ್ಚಾಗಿ ಗಾಳಿ ಕಡಿಮೆಯಾದ ಟೈರು ಹೋಗುವಾಗಿಗಿಂತ ಬರುವಾಗ ಹೆಚ್ಚು ಕಾಯುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಲೇಬಾರದು.

ಶಾಖ, ವೇಗ, ಭಾರ ಮತ್ತು ಕಡಿಮೆ ಗಾಳಿ ಒಂದೆಡೆ ಸೇರಿದರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಪ್ರಸಿದ್ಧವಾಗಿದೆ. 2000ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಫೈರ್‌ಸ್ಟೋನ್ ಸಂಸ್ಥೆ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಿತು. ಇವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಿಗೆ ಹಾಕಿದವು. ಓಟದ ನಡುವೆಯೇ ಟೈರಿನ ಮೇಲ್ಪದರ ಒಳಗಿನ ಉಕ್ಕಿನ ಪಟ್ಟಿಯಿಂದ ಕಿತ್ತುಬಂದು ವಾಹನಗಳು ಉರುಳುತ್ತಿದ್ದವು. ಸತ್ತವರ ಸಂಖ್ಯೆ ಇನ್ನೂರನ್ನು ಮೀರಿತು. ಟೈರಿನ ರಚನೆಯಲ್ಲಿ ದೋಷವಿತ್ತೆಂಬುದು ತನಿಖೆಯಲ್ಲಿ ಸ್ಪಷ್ಟವಾಯಿತು. ಆದರೆ ಆ ದೋಷ ಎಲ್ಲಿ ಬಾಯ್ತೆರೆಯಿತು ಎಂಬುದು ನಮಗೆ ಮುಖ್ಯ. ಅರಿಝೋನಾ, ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಟೆಕ್ಸಸ್ ಎಂಬ ಬಿಸಿ ರಾಜ್ಯಗಳಲ್ಲೇ ಮೊದಲು ಟೈರುಗಳನ್ನು ಬದಲಿಸಲು ಕಂಪನಿ ತೀರ್ಮಾನಿಸಿತು. ಆ ವಾಹನಕ್ಕೆ ಫೋರ್ಡ್ ಸೂಚಿಸಿದ್ದ ಒತ್ತಡ 26 ಪಿ.ಎಸ್.ಐ.; 30 ಇರಬೇಕಾಗಿತ್ತೆಂದು ಟೈರು ಕಂಪನಿ ವಾದಿಸಿತು. ಸೂಚಿಸಿದ ಅಳತೆಯೇ ಕಡಿಮೆ ಇದ್ದಾಗ, ಮಾಲೀಕನ ಉದಾಸೀನದಿಂದ ಇನ್ನು ನಾಲ್ಕು ಪೌಂಡು ಇಳಿದರೆ ಉಳಿಯುವ ಅಂತರವೆಷ್ಟು? ಇದೇ ಪ್ರಕರಣದ ಪರಿಣಾಮವಾಗಿ ಅಲ್ಲಿ ಹೊಸ ಕಾನೂನು ಬಂದು, 2007ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಕಾರುಗಳಲ್ಲೂ ಗಾಳಿಯ ಒತ್ತಡ ಇಳಿದಾಗ ಎಚ್ಚರಿಸುವ ದೀಪ ಕಡ್ಡಾಯವಾಯಿತು. ನಮ್ಮಲ್ಲೂ ಈಗ ಅನೇಕ ಕಾರುಗಳಲ್ಲಿ ಈ ದೀಪವಿದೆ. ಒಂದು ಎಚ್ಚರಿಕೆ: ಅಮೆರಿಕದ ನಿಯಮದಂತೆ ಆ ದೀಪ ಬೆಳಗಬೇಕಾದದ್ದು ಒತ್ತಡ ನಾಲ್ಕನೆಯ ಒಂದು ಭಾಗ ಇಳಿದಾಗ. 33 ಇರಬೇಕಾದ ಕಡೆ 27 ಇದ್ದರೂ ದೀಪ ಮೌನವಾಗಿರಬಹುದು. ದೀಪವನ್ನು ನಂಬಿ ಗೇಜನ್ನು ಮರೆಯುವಂತಿಲ್ಲ.

ಒತ್ತಡವನ್ನು ಅಳೆಯುವ ಕ್ರಮ ಸುಲಭ. ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು. ಸೂರ್ಯನ ಬಿಸಿಲು ಒಂದೇ ಬದಿಯ ಚಕ್ರಗಳ ಮೇಲೆ ಬಿದ್ದಿರಬಾರದು. ಮುಂಜಾನೆಯೇ ಪ್ರಶಸ್ತ. ಚಾಲಕನ ಬಾಗಿಲು ತೆರೆದರೆ ಪಕ್ಕದ ಕಂಬದ ಮೇಲೆ ಅಥವಾ ಇಂಧನದ ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ ಮುಂದಿನ, ಹಿಂದಿನ ಚಕ್ರಗಳ ಅಳತೆಗಳಿರುತ್ತವೆ. ಹಲವು ಕಾರುಗಳಿಗೆ ಪೂರ್ಣ ಭಾರವಿರುವಾಗ ಹಿಂದಿನ ಚಕ್ರಗಳಿಗೆ ಬೇರೆ, ಹೆಚ್ಚಿನ ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಊರಿಗೆ ಹೊರಡುವಾಗ ಅನುಸರಿಸಬೇಕಾದದ್ದು ಅದನ್ನೇ. ಟೈರಿನ ಗೋಡೆಯ ಮೇಲೆ ಬರೆದ ದೊಡ್ಡ ಸಂಖ್ಯೆ ಆ ಟೈರಿನ ಗರಿಷ್ಠ ಮಿತಿಯೇ ಹೊರತು ನಿಮ್ಮ ಕಾರಿನ ಅಳತೆಯಲ್ಲ. ಅದನ್ನೇ ತುಂಬಿದರೆ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗಿ ಬೇಗ ಸವೆಯುತ್ತದೆ, ಗುಂಡಿಗೆ ಬಿದ್ದಾಗ ಪೆಟ್ಟೂ ಹೆಚ್ಚು. ಬಂಕುಗಳ ಗೇಜುಗಳು ಎಲ್ಲ ಕಡೆ ಒಂದೇ ತೆರನಾಗಿ ತೋರಿಸುವುದಿಲ್ಲ. ಕೆಲವು ನೂರು ರೂಪಾಯಿಗಳಿಗೆ ಸಿಗುವ ಸ್ವಂತ ಗೇಜೊಂದನ್ನು ಕಾರಿನಲ್ಲಿಟ್ಟುಕೊಳ್ಳುವುದು ಲೇಸು. ಯಾವ ತೂತೂ ಇಲ್ಲದ ಟೈರು ಕೂಡ ತಿಂಗಳಿಗೆ ಸುಮಾರು ಒಂದು ಪೌಂಡು ಗಾಳಿಯನ್ನು ಕಳೆದುಕೊಳ್ಳುತ್ತದೆ. ಹದಿನೈದು ದಿನಗಳಿಗೊಮ್ಮೆಯಾದರೂ, ದೂರಪ್ರಯಾಣದ ಹಿಂದಿನ ದಿನ ತಪ್ಪದೆಯೂ ಪರೀಕ್ಷಿಸುವುದು ಅಗತ್ಯ.

ಇನ್ನು ನೈಟ್ರೋಜನ್. ಇದನ್ನು ತುಂಬಿಸಿದರೆ ಬೇಸಿಗೆಯಲ್ಲಿ ಒತ್ತಡ ಏರುವುದೇ ಇಲ್ಲವೆಂದು ಹೇಳುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ 78 ಭಾಗ ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಕೂಡ ಅದೇ ಅನಿಲ ನಿಯಮಕ್ಕೆ ಒಳಪಟ್ಟು ಹಿಗ್ಗುತ್ತದೆ. ತೇವಾಂಶ ಇಲ್ಲದಿರುವುದು, ಸ್ವಲ್ಪ ನಿಧಾನವಾಗಿ ಸೋರುವುದು ಅದರ ಗುಣಗಳು. ಅಗ್ಗವಾಗಿ ಸಿಕ್ಕರೆ ತುಂಬಿಸಿಕೊಳ್ಳಬಹುದು. ಆದರೆ ನೈಟ್ರೋಜನ್ ಸಿಗುವ ಅಂಗಡಿ ದೂರವಿದೆಯೆಂದು ಗಾಳಿ ಕಡಿಮೆಯಾದ ಟೈರಿನಲ್ಲೇ ವಾರಗಟ್ಟಲೆ ಓಡಾಡುವವರನ್ನು ನಾವು ಕಂಡಿದ್ದೇವೆ. ಸಾಮಾನ್ಯ ಗಾಳಿಯನ್ನು ಬೆರೆಸಿದರೆ ಯಾವ ಅಪಾಯವೂ ಇಲ್ಲ.

ವೇಗ ಹೆಚ್ಚಿದಂತೆ ಟೈರಿನ ಶಾಖ ಏರುತ್ತದೆ. ಹೊಸ ಹೆದ್ದಾರಿಗಳಲ್ಲಿ ಕಾರು ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವುದರಿಂದ ಟೈರಿಗೆ ಆರಲು ಬಿಡುವೇ ದೊರೆಯುವುದಿಲ್ಲ. ಮುಂಜಾನೆ ಐದಕ್ಕೆ ಹೊರಟು ಬಿಸಿಲೇರುವ ಮೊದಲು ಊರು ಸೇರುವ ನಮ್ಮ ಹಿರಿಯರ ಪದ್ಧತಿಯೇ ಇಲ್ಲಿ ಉತ್ತಮ. ಅದು ಸಾಧ್ಯವಾಗದಿದ್ದರೆ ಎರಡು ಗಂಟೆಗೊಮ್ಮೆ ನೆರಳಿನಲ್ಲಿ ನಿಲ್ಲಿಸಿ ಚಹಾ ಕುಡಿಯಿರಿ. ಚಾಲಕನಿಗೂ ಅದು ಬೇಕು. ಲಾರಿಯವರಂತೆ ಟೈರಿಗೆ ನೀರೆರಚುವ ಅಗತ್ಯ ಕಾರಿಗಿಲ್ಲ.

ಮುಂದಿನ ಚಕ್ರಗಳಿಂದ ಓಡುವ ಕಾರುಗಳಲ್ಲಿ ಮುಂದಿನ ಟೈರುಗಳು ಬೇಗ ಸವೆಯುತ್ತವೆ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದು ಮುಂದು ಮಾಡಿಸಿ, ಆಗಲೇ ಅಲೈನ್‌ಮೆಂಟ್ ನೋಡಿಸಿದರೆ ಸಾಕು. ಎರಡೇ ಹೊಸ ಟೈರು ಕೊಂಡಾಗ ಅವನ್ನು ಹಿಂದಕ್ಕೆ ಹಾಕಿಸತಕ್ಕದ್ದು. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಹತೋಟಿಗೆ ತರುವುದು ಹೆಚ್ಚು ಕಷ್ಟ.

ಓಡದೆ ನಿಂತ ಕಾರಿನ ಟೈರೂ ಮುದಿಯಾಗುತ್ತದೆ. ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಸೂರ್ಯನ ಅತಿನೇರಳೆ ಕಿರಣಗಳೂ ಗಾಳಿಯಲ್ಲಿರುವ ಓಝೋನ್ ಅನಿಲವೂ ರಬ್ಬರಿನ ಕೊಂಡಿಗಳನ್ನು ಕತ್ತರಿಸುತ್ತವೆ. ವಾಹನಗಳ ಹೊಗೆಯ ಮೇಲೆ ಬಿರುಬಿಸಿಲು ಬಿದ್ದಾಗ ಓಝೋನ್ ಹುಟ್ಟುವುದರಿಂದ ಮಹಾನಗರದ ಬೇಸಿಗೆ ಟೈರಿಗೆ ವಿಶೇಷವಾಗಿ ಕಠಿಣ. ಟೈರನ್ನು ಕಪ್ಪಾಗಿಸುವ ಕಾರ್ಬನ್ ಬ್ಲ್ಯಾಕ್ ಕಿರಣಗಳನ್ನು ತಡೆಯುತ್ತದೆ. ರಬ್ಬರಿನಲ್ಲಿ ಬೆರೆಸಿದ ಮೇಣ ಓಡಾಟದ ಅಲುಗಾಟದಿಂದ ಮೇಲಕ್ಕೆ ಬಂದು ತೆಳುವಾದ ಕವಚವಾಗುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಈ ಮೇಣ ಮೇಲೇಳುವುದಿಲ್ಲ, ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸುತ್ತವೆ. ಮಕ್ಕಳ ಬಳಿ ವಿದೇಶಕ್ಕೆ ಹೋಗುವ ನಿವೃತ್ತರು ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ನೆರೆಯವರಿಗೆ ಕೀಲಿಕೈ ಕೊಟ್ಟು ಎರಡು ವಾರಕ್ಕೊಮ್ಮೆ ಕೆಲವು ಕಿಲೋಮೀಟರು ಓಡಿಸಲು ಹೇಳುವುದು ಒಳ್ಳೆಯದು. ಆಯುಧಪೂಜೆಯ ದಿನ ಚಕ್ರದಡಿ ಇಡುವ ನಿಂಬೆಹಣ್ಣಿನಿಂದ ಟೈರಿಗೆ ಯಾವ ಕೇಡೂ ಇಲ್ಲ. ಆದರೆ ಅಂದು ಹೊಳಪಿಗಾಗಿ ಸೀಮೆಎಣ್ಣೆ, ಡೀಸೆಲ್ ಬಳಿಯುವುದು ರಬ್ಬರಿಗೆ ವಿಷ. ಸೋಪಿನ ನೀರು, ಮೆದು ಬ್ರಷ್ಷು ಸಾಕು.

ಟೈರಿನ ವಯಸ್ಸನ್ನು ಅದರ ಗೋಡೆಯ ಮೇಲೆಯೇ ಓದಬಹುದು. ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಕೊಳ್ಳುವಾಗ ಈ ಅಂಕಿಯನ್ನು ನೀವೇ ನೋಡಿ. ಅಂಗಡಿಯ ಮೂಲೆಯಲ್ಲಿ ಮೂರು ಬೇಸಿಗೆ ಕಳೆದ ಟೈರನ್ನು ಹೊಸದರ ಬೆಲೆಗೆ ಕೊಳ್ಳಬೇಕಾಗಿಲ್ಲ. ಐದು ವರ್ಷ ತುಂಬಿದ ಮೇಲೆ ಪ್ರತಿವರ್ಷ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು, ಹತ್ತು ವರ್ಷವಾದರೆ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಬೇಕು ಎಂಬುದು ಹಲವು ತಯಾರಕರ ಸಲಹೆ. ನಮ್ಮ ಸೆಕೆಯ ಸೀಮೆಯಲ್ಲಿ ಹತ್ತರವರೆಗೆ ಕಾಯುವುದು ಜಾಣತನವಲ್ಲವೆಂದು ನಮ್ಮ ಅಭಿಪ್ರಾಯ. ಆರೇಳು ವರ್ಷಕ್ಕೆ ಬಿಡುವುದು ಕ್ಷೇಮ. ಸವೆತಕ್ಕೂ ಗುರುತಿದೆ. ಗಾಡಿಗಳ ನಡುವಿನ ಚಿಕ್ಕ ದಿಣ್ಣೆಗಳ ಮಟ್ಟಕ್ಕೆ ರಬ್ಬರು ಇಳಿದರೆ ಆಳ 1.6 ಮಿಲಿಮೀಟರಿಗೆ ಬಂದಿದೆಯೆಂದು ಅರ್ಥ. ಮೇ ಕಳೆದರೆ ಮಳೆಗಾಲವಾದ್ದರಿಂದ ಮೂರು ಮಿಲಿಮೀಟರು ಇರುವಾಗಲೇ ಬದಲಿಸುವ ಯೋಚನೆ ಮಾಡಬೇಕು.

ಇಷ್ಟೆಲ್ಲ ಕಾಳಜಿಯ ನಡುವೆಯೂ ಓಟದಲ್ಲಿ ಟೈರು ಸಿಡಿದರೆ ಬ್ರೇಕನ್ನು ಥಟ್ಟನೆ ಒತ್ತಬಾರದು. ಸ್ಟಿಯರಿಂಗನ್ನು ಎರಡೂ ಕೈಗಳಿಂದ ಭದ್ರವಾಗಿ ಹಿಡಿದು ಕಾರನ್ನು ನೇರವಾಗಿರಿಸಿ, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು, ವೇಗ ತಾನಾಗಿ ಇಳಿದ ಮೇಲೆ ಎಡಬದಿಗೆ ಸರಿಯಬೇಕು. ಮಕ್ಕಳನ್ನು ಕಾರಿನಿಂದ ಇಳಿಸಿ ರಸ್ತೆಯ ಅಂಚಿನಿಂದ ಆಚೆಗೆ ಕಳುಹಿಸಿದ ನಂತರವೇ ಜಾಕು ಹೊರಬರಲಿ.

ಆಗ ನೆನಪಾಗುವುದು ಸ್ಟೆಪ್ನಿ. ಕೆಲವು ವರ್ಷಗಳ ಹಿಂದೆ ರಾಯಚೂರಿನ ದಾರಿಯಲ್ಲಿ ನಡುಮಧ್ಯಾಹ್ನ ಚಕ್ರ ಬಿಚ್ಚಿದಾಗ ನಮ್ಮ ಸ್ಟೆಪ್ನಿಯಲ್ಲಿ ಗಾಳಿಯೇ ಇರಲಿಲ್ಲ. ನಾಲ್ಕು ಚಕ್ರಗಳನ್ನು ನೋಡಿದ್ದ ನಾವು ಐದನೆಯದನ್ನು ವರ್ಷದಿಂದ ಮುಟ್ಟಿರಲಿಲ್ಲ. ಸ್ಟೆಪ್ನಿಗೆ ಒಂದೆರಡು ಪೌಂಡು ಹೆಚ್ಚಾಗಿಯೇ ತುಂಬಿಸಿಡಿ. ಅದು ಉಳಿದವುಗಳಿಗಿಂತ ಕಿರಿದಾಗಿದ್ದರೆ ಅದರ ಮೇಲೆ ಬರೆದ ವೇಗದ ಮಿತಿಯನ್ನು ಮೀರಬೇಡಿ. 2020ರಲ್ಲಿ ಕೇಂದ್ರ ಸರ್ಕಾರ ತಂದ ತಿದ್ದುಪಡಿಯಂತೆ, ಒತ್ತಡ ತೋರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಟ್ಯೂಬ್‌ಲೆಸ್ ಟೈರಿನ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ನಿಮ್ಮ ಕಾರು ಆ ಬಗೆಯದೇ ಎಂದು ಡಿಕ್ಕಿಯ ಹಾಸು ಎತ್ತಿ ಹೊರಡುವ ಮೊದಲೇ ನೋಡಿಕೊಳ್ಳಿ. ಕಿಟ್ಟಿನಿಂದ ಮೊಳೆ ಚುಚ್ಚಿದ ತೂತನ್ನು ಮುಚ್ಚಬಹುದೇ ಹೊರತು ಹರಿದ ಗೋಡೆಯನ್ನಲ್ಲ.