ಸುಮ್ಮನೆ ನಡೆಯೋ ಹಕ್ಕು

ರಾತ್ರಿ ಊಟ ಆದ್ಮೇಲೆ ಒಂದು ಸುತ್ತು ನಡೆದು ಬರೋದು ನಿಮಗೂ ಅಭ್ಯಾಸ ಇರಬಹುದು. ಸ್ಯಾನ್ ಡಿಯಾಗೋದಲ್ಲಿ ನಡಿಗೆಯೇ ಒಬ್ಬರನ್ನ ಕೋರ್ಟಿಗೆ ಎಳೆದಿತ್ತು ಅಂದ್ರೆ ನಂಬ್ತೀರಾ?

ಎಡ್ವರ್ಡ್ ಲಾಸನ್ ಕಪ್ಪು ವರ್ಣದ ಅಮೆರಿಕನ್. ಉದ್ದನೆಯ ಜಡೆಗೂದಲು, ಓಡಾಟವೆಲ್ಲ ಕಾಲ್ನಡಿಗೆಯಲ್ಲೇ. 1975ರ ಮಾರ್ಚ್‌ನಿಂದ 1977ರ ಜನವರಿಯೊಳಗೆ ಪೊಲೀಸರು ಅವರನ್ನ ಸುಮಾರು 15 ಸಲ ತಡೆದರು ಅಥವಾ ಬಂಧಿಸಿದರು. ಅದಕ್ಕೆ ಆಧಾರ, ಸಾರ್ವಜನಿಕ ಜಾಗದಲ್ಲಿ ಅಶಿಸ್ತಿನ ವರ್ತನೆ ತಡೆಯೋ ಕ್ಯಾಲಿಫೋರ್ನಿಯಾ ದಂಡಸಂಹಿತೆಯ 647ನೇ ಸೆಕ್ಷನ್. ಬೀದಿಯಲ್ಲಿ ಅಲೆದಾಡುವವರು ಪೊಲೀಸರು ಕೇಳಿದಾಗ 'ನಂಬಲರ್ಹ' ಗುರುತು ಕೊಡಬೇಕಿತ್ತು. ಏನು ಕೊಟ್ಟರೆ ನಂಬಲರ್ಹ? ಕಾನೂನು ಹೇಳಿರಲಿಲ್ಲ. ಎದುರಿಗೆ ನಿಂತ ಪೊಲೀಸರೇ ತೀರ್ಮಾನಿಸಬೇಕಿತ್ತು.

ಡೇಟಾ ನೋಡೋದೇ ನನ್ನ ಕೆಲಸ. ಲೆಕ್ಕ ನೋಡಿ: ತಡೆದದ್ದು ಸುಮಾರು 15 ಸಲ, ಮೊಕದ್ದಮೆ 2, ಶಿಕ್ಷೆ 1. ಅಳತೆಗೋಲೇ ಇಲ್ಲದ ಕಡೆ ಅಳೆಯುವವರ ಕಣ್ಣೇ ಅಳತೆಗೋಲಾಗುತ್ತೆ. ಆ ಕಣ್ಣಿಗೆ ಮೊದಲು ಬೀಳೋದು ಬಣ್ಣ, ಕೂದಲು, ಬಟ್ಟೆ.

ಲಾಸನ್ ದಾವೆ ಹೂಡಿದರು. 1983ರ ಮೇ 2ರಂದು ಅಮೆರಿಕದ ಸುಪ್ರೀಂ ಕೋರ್ಟ್, ಆ ನಿಯಮ ತೀರಾ ಅಸ್ಪಷ್ಟ, ಹಾಗಾಗಿ ಸಂವಿಧಾನಕ್ಕೆ ವಿರುದ್ಧ ಅಂತ 7–2ರ ಬಹುಮತದಿಂದ ತೀರ್ಪು ಕೊಟ್ಟಿತು. ಸ್ಯಾನ್ ಡಿಯಾಗೋಗೆ ಮಾತ್ರವಲ್ಲ, ಲಾಸ್ ಏಂಜಲೀಸಿಗೂ, ಇಡೀ ರಾಜ್ಯಕ್ಕೂ ಅದು ಅನ್ವಯಿಸಿತು.

ಮುಂದಿನ ಸಲ ಕೈಬೀಸಿಕೊಂಡು ವಾಕ್ ಹೊರಟಾಗ, ನಮಗಿಂತ ಮುಂಚೆ ಆ ಬೀದಿಗಳಲ್ಲಿ ನಡೆದ ಲಾಸನ್ ಅವರನ್ನ ಒಮ್ಮೆ ನೆನೆಸಿಕೊಳ್ಳಿ.