ರೋಮಿನ ಹರಳು, ಸ್ಯಾಕ್ಸನರ ಒಡವೆ

ಅಜ್ಜಿಯ ಕಾಲದ ಕಾಸಿನ ಸರ ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ಕೈಗೆತ್ತಿಕೊಂಡು ನೋಡಿ. ಸಂತೆಯಲ್ಲಿ ಓಡಾಡಬೇಕಾದ ನಾಣ್ಯ ಕೊರಳಿಗೆ ಏರಿದುದು ಹೇಗೆ? ಇಂಗ್ಲೆಂಡಿನ ನೆಲದಲ್ಲಿ ಈ ಪ್ರಶ್ನೆಗೆ ವಿಲಕ್ಷಣವಾದ ಉತ್ತರವೊಂದು ದೊರೆಯುತ್ತದೆ.

ಕ್ರಿ.ಶ. 43ರಲ್ಲಿ ಬ್ರಿಟನ್ನನ್ನು ಹೊಕ್ಕ ರೋಮನರ ಆಳ್ವಿಕೆ 410ರ ಸುಮಾರಿಗೆ ಮುಗಿಯಿತು. ದಂಡು ಹೋಯಿತು, ದಂಡಿನ ಸಂಬಳಕ್ಕೆಂದು ಬರುತ್ತಿದ್ದ ಹೊಸ ನಾಣ್ಯವೂ ನಿಂತಿತು, ಪಟ್ಟಣಗಳು ಪಾಳುಬಿದ್ದವು. ಆ ಬಳಿಕ ಕಡಲು ದಾಟಿ ಬಂದು ನೆಲೆಸಿದ ಆಂಗ್ಲರು, ಸ್ಯಾಕ್ಸನರು ಹಳೆಯ ರೋಮನ್ ಕಾಸುಗಳನ್ನು ಆಯ್ದುಕೊಂಡರು. ಕೊಳ್ಳುವುದಕ್ಕೆ ಪೇಟೆಯಿಲ್ಲದ ಮೇಲೆ ಕಾಸು ಕಾಸಲ್ಲ. ಅವುಗಳಿಗೆ ತೂತು ಕೊರೆದು, ಪೋಣಿಸಿ, ಹೆಂಗಸರೂ ಮಕ್ಕಳೂ ಧರಿಸಿದರು. ಅವರ ಗೋರಿಗಳಲ್ಲಿ ಇಂಥವು ದೊರೆತಿವೆ. ಅಕ್ಷರವರಿಯದ ಕೊರಳಿಗೆ ಯಾವ ಚಕ್ರವರ್ತಿಯ ಮುಖವಾದರೇನು! ನಾವೂ ನಗುವಂತಿಲ್ಲ, ದಕ್ಷಿಣ ಭಾರತದಲ್ಲಿ ಸಿಕ್ಕಿದ ರೋಮನ್ ಚಿನ್ನದ ನಾಣ್ಯಗಳಲ್ಲಿಯೂ ಕೆಲವಕ್ಕೆ ಅಕ್ಕಪಕ್ಕದಲ್ಲಿ ಎರಡು ತೂತುಗಳಿವೆ.

ಏಳನೆಯ ಶತಮಾನದ ಹೊತ್ತಿಗೆ ಆ ಜನ ಕ್ರೈಸ್ತರಾಗುತ್ತಿದ್ದರು. ನಾರ್ಫೋಕ್ ಸೀಮೆಯ ವಿಲ್ಟನ್ನಿನಲ್ಲಿ ದೊರೆತ ಶಿಲುಬೆಯ ಪದಕವನ್ನು ನೋಡಿ: ಚಿನ್ನದ ಮನೆಗಳಲ್ಲಿ ಕೂರಿಸಿದ ಕೆಂಪು ಹರಳುಗಳು, ನಡುವೆ ಪೂರ್ವ ರೋಮಿನ ಚಕ್ರವರ್ತಿ ಹೆರಾಕ್ಲಿಯಸನ ಚಿನ್ನದ ನಾಣ್ಯ. ನಾಣ್ಯದ ಮೇಲಿನ ಶಿಲುಬೆ ಎದುರಿನವರಿಗೆ ತಲೆಕೆಳಗು. ಅಕ್ಕಸಾಲಿಗನ ಪ್ರಮಾದವೆಂದು ನನಗೆ ತೋರುವುದಿಲ್ಲ. ಧರಿಸಿದವರು ಕತ್ತು ಬಗ್ಗಿಸಿ ನೋಡಿಕೊಂಡರೆ ಅದು ನೆಟ್ಟಗೆ ಕಾಣುತ್ತದೆ.

ಆದರೆ ನನ್ನ ಮನಸ್ಸನ್ನು ಸೆಳೆದುದು 1693ರಲ್ಲಿ ಸಾಮರ್‌ಸೆಟ್ ಸೀಮೆಯ ನಾರ್ತ್ ಪೆದರ್ಟನ್ ಬಳಿ ಸಿಕ್ಕಿದ ಒಡವೆ. ಬೆರಳುದ್ದದ ಚಿನ್ನ, ಅದರೊಳಗೆ ಮೀನಾಕಾರಿಯ ಬಣ್ಣದಲ್ಲಿ ಕುಳಿತ ಒಂದು ಆಕೃತಿ, ಅದನ್ನು ಮುಚ್ಚಿ ಕಣ್ಣೀರಿನ ಹನಿಯಾಕಾರದ ಸ್ಫಟಿಕ. ಸ್ಫಟಿಕವು ಯಾವುದೋ ರೋಮನ್ ವಸ್ತುವಿನಿಂದ ಬಂದುದೆಂದು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಇಲ್ಲಿ ಹರಳೇ ಹಿರಿಯದು. ಅದರ ಅಳತೆಗೆ ಚಿನ್ನ ಬಾಗಬೇಕಾಯಿತು. ಅಂಚಿನ ಸುತ್ತ ಚಿನ್ನವನ್ನೇ ಕೊರೆದು ಮಾಡಿದ ಅಕ್ಷರಗಳು, ‘ಆಲ್ಫ್ರೆಡನು ನನ್ನನ್ನು ಮಾಡಿಸಿದನು’ ಎಂಬ ಅರ್ಥದವು.

ಈ ಆಲ್ಫ್ರೆಡ್ 871ರಿಂದ 899ರವರೆಗೆ ವೆಸೆಕ್ಸನ್ನು ಆಳಿದ ದೊರೆಯೆಂದೇ ತಿಳಿಯಲಾಗಿದೆ. ನಾಡಿನಲ್ಲಿ ಲ್ಯಾಟಿನ್ ಓದಬಲ್ಲವರು ವಿರಳರಾದರೆಂದು ಕೊರಗಿದವನು ಅವನು. ಕೊರಗಿ ಸುಮ್ಮನಿರಲಿಲ್ಲ. ಪೋಪ್ ಗ್ರೆಗರಿಯ ಗ್ರಂಥವೊಂದನ್ನು ತನ್ನ ನುಡಿಗೆ ತಂದು ಬಿಷಪ್ಪರ ಪೀಠಗಳಿಗೆ ಕಳುಹಿಸಿದನು. ಪ್ರತಿಯೊಂದರ ಜೊತೆಗೂ ಐವತ್ತು ಮಾಂಕಸ್ ಚಿನ್ನದ ಬೆಲೆಯ ‘ಈಸ್ಟೆಲ್’ ಇದ್ದಿತು. ಅದು ಓದುವಾಗ ಸಾಲನ್ನು ತೋರಿಸುವ ಕಡ್ಡಿಯೆಂದು ಹಲವರು ಹೇಳುತ್ತಾರೆ. ನಮ್ಮ ಒಡವೆಯು ಅಂಥದೊಂದರ ಹಿಡಿಯಾಗಿರಬಹುದು. ಹುಡುಗರ ಬೆರಳು ಹಿಡಿದು ಸಾಲು ತೋರಿಸಿ ತಲೆ ನರೆತ ನನ್ನಂಥವನಿಗೆ ಈ ಊಹೆಯನ್ನು ಬಿಡಲು ಮನಸ್ಸು ಬಾರದು.

ಒಡವೆ ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮಿನಲ್ಲಿದೆ. ಅದರ ಬುಡದಲ್ಲಿ ಒಂದು ಮೃಗದ ತಲೆ, ಬಾಯಲ್ಲಿ ಕಡ್ಡಿ ಸಿಕ್ಕಿಸುವ ಕೊಳವೆ. ಕಡ್ಡಿ ಉಳಿದಿಲ್ಲ, ಅದನ್ನು ಬಿಗಿದಿದ್ದ ಮೊಳೆ ಮಾತ್ರ ಇನ್ನೂ ಅಲ್ಲೇ ಇದೆ.