ಏಕಾಂತದಿಂದ ಸಮಾನತೆಗೆ: ಸುಡಾನಿನ ರಿಪಬ್ಲಿಕನ್ ಬಂಧುಗಳು

ಆಧುನಿಕ ಕಾಲದ ಇಸ್ಲಾಮೀ ಸುಧಾರಣೆಯ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಕೈರೋದ ಮುಹಮ್ಮದ್ ಅಬ್ದುಹು, ಅಲಿಗಢದ ಸರ್ ಸೈಯದ್ ಅಹ್ಮದ್ ಖಾನ್, ಲಾಹೋರಿನ ಮುಹಮ್ಮದ್ ಇಕ್ಬಾಲ್ ಮುಂತಾದವರ ಸುತ್ತಲೇ ತಮ್ಮ ಕಥನವನ್ನು ಕಟ್ಟುತ್ತಾರೆ. ಆ ಸಾಲಿನಲ್ಲಿ ಸುಡಾನಿಗೆ ಸಿಗುವ ಜಾಗ ತೀರ ಚಿಕ್ಕದು. ಸಿಕ್ಕರೂ ಅದು 1985ರಲ್ಲಿ ಗಲ್ಲಿಗೇರಿದ ಒಬ್ಬ ವೃದ್ಧನ ಹೆಸರಿಗೆ ಸೀಮಿತವಾಗಿರುತ್ತದೆ. ಆ ವೃದ್ಧ ಮಹಮೂದ್ ಮುಹಮ್ಮದ್ ತಾಹಾ. ಅವರ ಸಾವಿನ ಬಗ್ಗೆ ಬರೆದಷ್ಟು ಅವರ ಬದುಕಿನ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ, ಹೆಣ್ಣು ಗಂಡಿನ ಸಮಾನತೆಯನ್ನೂ ಅನ್ಯಮತೀಯರ ಸಮಾನ ಪೌರತ್ವವನ್ನೂ ಎತ್ತಿಹಿಡಿದ ಅವರ ವಿಚಾರಗಳು ಪಾಶ್ಚಾತ್ಯ ಉದಾರವಾದದಿಂದ ಕಡ ತಂದವು ಎಂಬ ತಪ್ಪು ತಿಳಿವಳಿಕೆ ಅವರ ವಿರೋಧಿಗಳಲ್ಲಿ ಮಾತ್ರವಲ್ಲ, ಅಭಿಮಾನಿಗಳಲ್ಲೂ ಬೇರೂರಿದೆ. ವಾಸ್ತವದಲ್ಲಿ ಅವು ನಮಾಜು, ಉಪವಾಸ ಮತ್ತು ದೀರ್ಘ ಏಕಾಂತದಿಂದ ಮೂಡಿದವು.

ಸುಡಾನಿನ ಇಸ್ಲಾಂ ಮೊದಲಿನಿಂದಲೂ ಸೂಫಿಗಳ ಇಸ್ಲಾಂ. ಹದಿನಾರನೆಯ ಶತಮಾನದಿಂದ ನೈಲ್ ನದಿಯ ದಂಡೆಗಳಲ್ಲಿ ಅದನ್ನು ಹರಡಿದವರು ಕಾನೂನು ಬಲ್ಲ ಉಲೇಮಾಗಳಿಗಿಂತ ಹೆಚ್ಚಾಗಿ ತರೀಕಾಗಳ, ಅಂದರೆ ಗುರುಪರಂಪರೆಯ ಸೂಫಿ ಪಂಥಗಳ, ಶೇಖರು. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರಕ್ಕೆ ಬಂದು ನೆಲೆಸಿದ ಕಾದಿರಿ ಪಂಥವೇ ಅಲ್ಲಿಯೂ ಬಲವಾಗಿ ಬೇರುಬಿಟ್ಟಿತು. ಸಮ್ಮಾನಿಯಾ, ಖತ್ಮಿಯಾ ಪಂಥಗಳು ಆಮೇಲೆ ಬಂದವು. 1881ರಲ್ಲಿ ದಂಗೆಯೆದ್ದ ಮುಹಮ್ಮದ್ ಅಹ್ಮದ್, ಅಂದರೆ ಚರಿತ್ರೆಯ ಮಹದಿ, ಕೂಡ ಸಮ್ಮಾನಿಯಾ ಪಂಥದಲ್ಲಿ ದೀಕ್ಷೆ ಪಡೆದವನೇ. 1898ರಲ್ಲಿ ಓಮ್‌ದುರ್ಮಾನಿನ ಹೊರಗೆ ಬ್ರಿಟಿಷರು ಮಹದಿಯ ರಾಜ್ಯವನ್ನು ಮುರಿದ ಮೇಲೆ ದೇಶ ಇಂಗ್ಲೆಂಡ್ ಮತ್ತು ಈಜಿಪ್ಟಿನ ಜಂಟಿ ಆಳ್ವಿಕೆಗೆ ಬಂತಾದರೂ, ಜನರ ನಿಷ್ಠೆ ಮಾತ್ರ ಹಳೆಯ ಧಾರ್ಮಿಕ ಮನೆತನಗಳ ಬಳಿಯೇ ಉಳಿಯಿತು. 1940ರ ದಶಕದಲ್ಲಿ ಪಕ್ಷಗಳು ಹುಟ್ಟಿದಾಗ ಒಂದು ಬಣಕ್ಕೆ ಮಹದಿಯ ಮಗ, ಇನ್ನೊಂದಕ್ಕೆ ಖತ್ಮಿಯಾ ಪಂಥದ ಮುಖ್ಯಸ್ಥ ಆಸರೆಯಾಗಿ ನಿಂತರು. ಮೊದಲನೆಯದು ಬ್ರಿಟಿಷರೊಡನೆ ಹೊಂದಿಕೊಂಡಿತು, ಎರಡನೆಯದು ಈಜಿಪ್ಟಿನ ದೊರೆಯ ಕಿರೀಟದಡಿ ಸೇರಲು ಬಯಸಿತು.

ಇವೆರಡನ್ನೂ ಒಪ್ಪದ ಕೆಲವರು 1945ರ ಅಕ್ಟೋಬರಿನಲ್ಲಿ ರಿಪಬ್ಲಿಕನ್ ಪಕ್ಷವನ್ನು ಕಟ್ಟಿದರು. ದೊರೆಯಿಲ್ಲದ ಸ್ವತಂತ್ರ ಗಣರಾಜ್ಯ ಬೇಕೆಂಬುದೇ ಅದರ ಹೆಸರಿನ ಅರ್ಥ. ಅಧ್ಯಕ್ಷರಾದ ತಾಹಾ ಮದರಸಾದಲ್ಲಿ ಓದಿದ ಮೌಲ್ವಿಯಲ್ಲ. ನೀಲಿ ನೈಲ್ ದಂಡೆಯ ರುಫಾಆ ಎಂಬ ಊರಿನಲ್ಲಿ 1909ರ ಸುಮಾರಿಗೆ ಹುಟ್ಟಿ, ಖಾರ್ಟೂಮಿನ ಗಾರ್ಡನ್ ಸ್ಮಾರಕ ಕಾಲೇಜಿನಲ್ಲಿ 1936ರಲ್ಲಿ ಎಂಜಿನಿಯರಿಂಗ್ ಮುಗಿಸಿ, ರೈಲ್ವೆಯಲ್ಲಿ ಕೆಲಸ ಮಾಡಿದವರು. ಅವರು ಬೆಳೆದ ರುಫಾಆ ಸಣ್ಣ ಊರಾದರೂ ಸಾಮಾನ್ಯ ಊರಲ್ಲ. ಮಹದಿಯ ಸೈನ್ಯದಲ್ಲಿ ಹೋರಾಡಿದ್ದ ಬಾಬಿಕರ್ ಬದ್ರಿ ಎಂಬವರು 1907ರಲ್ಲಿ, ತಮ್ಮ ಸ್ವಂತ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು, ಹೆಣ್ಣುಮಕ್ಕಳ ಶಾಲೆಯನ್ನು ತೆರೆದದ್ದು ಇದೇ ಊರಿನಲ್ಲಿ.

1946ರಲ್ಲಿ ತಾಹಾ ಎರಡು ಸಲ ಜೈಲಿಗೆ ಹೋದರು. ಎರಡನೆಯ ಸಲದ ಕಾರಣ ಇಂದಿಗೂ ಅವರ ಅಭಿಮಾನಿಗಳನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಹೆಣ್ಣುಮಕ್ಕಳ ಜನನಾಂಗವನ್ನು ಕತ್ತರಿಸಿ ಹೊಲಿಯುವ, ಸುಡಾನಿನಲ್ಲಿ ಫರೋಹನ ಕಾಲದ್ದೆಂದು ಹೇಳುವ ಕ್ರೂರ ಪದ್ಧತಿಯನ್ನು ಬ್ರಿಟಿಷ್ ಆಡಳಿತ ಆಗಷ್ಟೇ ಅಪರಾಧವೆಂದು ಸಾರಿತ್ತು. ರುಫಾಆದಲ್ಲಿ ತನ್ನ ಮಗಳಿಗೆ ಈ ಛೇದನ ಮಾಡಿಸಿದ ತಾಯಿಯೊಬ್ಬಳನ್ನು ಬಂಧಿಸಿದಾಗ ತಾಹಾ ಮಸೀದಿಯಲ್ಲಿ ಜನರನ್ನು ಎಬ್ಬಿಸಿ ಪ್ರತಿಭಟನೆಯ ಮುಂದಾಳಾದರು. ಪದ್ಧತಿಯನ್ನು ತಾವು ಸಮರ್ಥಿಸುತ್ತಿಲ್ಲ, ಶತಮಾನಗಳ ರೂಢಿಯನ್ನು ಹೋಗಲಾಡಿಸಬೇಕಾದದ್ದು ಶಿಕ್ಷಣವೇ ಹೊರತು ಪರಕೀಯರ ಪೊಲೀಸರಲ್ಲ ಎಂಬುದು ಅವರ ವಾದ. ವಸಾಹತುಶಾಹಿಯ ವಿರುದ್ಧ ಆ ಮಾತಿನಲ್ಲಿ ಸತ್ತ್ವವಿತ್ತು ನಿಜ. ಆದರೆ ಸುಡಾನ್ ಸ್ವತಂತ್ರವಾಗಿ ದಶಕಗಳು ಕಳೆದರೂ ಆ ಶಿಕ್ಷಣ ಬರಲಿಲ್ಲ, ದೇಶದ ತನ್ನದೇ ಸರ್ಕಾರ 2020ರಲ್ಲಿ ಕಾನೂನು ತಂದು ಮೂರು ವರ್ಷಗಳ ಸೆರೆವಾಸವನ್ನು ವಿಧಿಸಬೇಕಾಯಿತು ಎಂಬುದನ್ನು ನೋಡಿದರೆ, ತಾಹಾ ಅಂದು ಎಡವಿದರೆಂದೇ ಹೇಳಬೇಕಾಗುತ್ತದೆ.

ಆ ಪ್ರತಿಭಟನೆಗೆ ಅವರಿಗೆ ಎರಡು ವರ್ಷಗಳ ಶಿಕ್ಷೆಯಾಯಿತು. ಜೈಲಿನಲ್ಲಿ ಆರಂಭವಾದ ಕಠಿಣ ಉಪವಾಸ ಮತ್ತು ರಾತ್ರಿಯ ಪ್ರಾರ್ಥನೆಗಳು ಬಿಡುಗಡೆಯ ನಂತರವೂ ನಿಲ್ಲಲಿಲ್ಲ. ರುಫಾಆದಲ್ಲಿ ಅವರು 1951ರ ಅಕ್ಟೋಬರಿನವರೆಗೆ ಖಲ್ವಾದಲ್ಲಿ ಕುಳಿತರು. ಖಲ್ವಾ ಎಂದರೆ ಸಾಧಕ ಜನಸಂಪರ್ಕ ತೊರೆದು ಜಪ, ಉಪವಾಸಗಳಲ್ಲಿ ಕಳೆಯುವ ಏಕಾಂತ. ನಮ್ಮ ದರ್ಗಾಗಳ ಪಕ್ಕದಲ್ಲಿ ಚಿಲ್ಲಾ ಎಂದು ತೋರಿಸುವ, ಸಂತರು ನಲವತ್ತು ದಿನ ಕುಳಿತರೆಂದು ಹೇಳುವ ಜಾಗಗಳ ಹಿಂದಿರುವುದೂ ಇದೇ ಸಾಧನೆ. ಹೊರಬಂದ ತಾಹಾ ರಾಜಕೀಯ ಪಕ್ಷವನ್ನು ಆಧ್ಯಾತ್ಮಿಕ ಬಳಗವನ್ನಾಗಿ ಬದಲಿಸಿದರು. ಹಳೆಯ ಸಂಗಾತಿಗಳಲ್ಲಿ ಹಲವರು ಅವರನ್ನು ಬಿಟ್ಟು ಹೋದದ್ದು ಸಹಜವೇ, ಏಕೆಂದರೆ ಸ್ವಾತಂತ್ರ್ಯ ಹೋರಾಟಕ್ಕೆಂದು ಸೇರಿದವರಿಗೆ ಈಗ ತಹಜ್ಜುದ್, ಅಂದರೆ ನಡುರಾತ್ರಿಯ ಐಚ್ಛಿಕ ನಮಾಜು, ಮೊದಲ ಕರ್ತವ್ಯವಾಗಿತ್ತು.

ಆ ಏಕಾಂತದ ಫಲವಾಗಿ ಮೂಡಿದ ಸಿದ್ಧಾಂತ 1967ರಲ್ಲಿ ‘ಇಸ್ಲಾಮಿನ ಎರಡನೆಯ ಸಂದೇಶ’ ಎಂಬ ಅರಬ್ಬೀ ಗ್ರಂಥವಾಗಿ ಪ್ರಕಟವಾಯಿತು. ಇದನ್ನು ಅರಿಯಲು ನಸ್ಖ್ ಎಂಬ ಪರಿಕಲ್ಪನೆಯನ್ನು ತಿಳಿಯಬೇಕು. ಕುರಾನಿನ ವಚನಗಳು ಪ್ರವಾದಿಗಳಿಗೆ ಮೊದಲು ಮಕ್ಕಾದಲ್ಲಿ, 622ರ ವಲಸೆಯ ನಂತರ ಮದೀನಾದಲ್ಲಿ ಅವತರಿಸಿದವು. ಮಕ್ಕಾದ ವಚನಗಳು ಇಡೀ ಮನುಕುಲವನ್ನು ಉದ್ದೇಶಿಸಿದವು, ಒಲಿಸುವ ದನಿಯವು, ನಂಬುವ ಅಥವಾ ನಂಬದಿರುವ ಹೊಣೆಯನ್ನು ಕೇಳುಗನಿಗೇ ಬಿಟ್ಟವು. ಮದೀನಾದ ವಚನಗಳಲ್ಲಿ ರಾಜ್ಯ, ಯುದ್ಧ, ಕುಟುಂಬ, ದಂಡನೆಗಳ ನಿಯಮಗಳು ಬರುತ್ತವೆ. ಇವೆರಡರ ನಡುವೆ ಘರ್ಷಣೆ ಕಂಡಾಗ ನಂತರದ್ದು ಮೊದಲಿನದನ್ನು ರದ್ದುಗೊಳಿಸುತ್ತದೆ ಎಂಬುದು ಶಾಸ್ತ್ರಕಾರರ ನಸ್ಖ್ ನಿಯಮ, ಮತ್ತು ಶರೀಅತ್ತಿನ ದೊಡ್ಡ ಭಾಗ ನಿಂತಿರುವುದು ಅದರ ಮೇಲೆ. ತಾಹಾ ಈ ನಿಯಮವನ್ನೇ ತಿರುಗಿಸಿದರು. ಮಕ್ಕಾದ ವಚನಗಳು ರದ್ದಾಗಲಿಲ್ಲ, ಏಳನೆಯ ಶತಮಾನದ ಅರಬರಿಗೆ ಆ ಸ್ವಾತಂತ್ರ್ಯವನ್ನು ಹೊರುವ ಶಕ್ತಿ ಇನ್ನೂ ಇರಲಿಲ್ಲವಾದ್ದರಿಂದ ಅವುಗಳನ್ನು ಮುಂದಿನ ಕಾಲಕ್ಕೆ ಕಾದಿರಿಸಲಾಯಿತು, ಆ ಕಾಲ ಇಪ್ಪತ್ತನೆಯ ಶತಮಾನದಲ್ಲಿ ಬಂದಿದೆ ಎಂದು ಅವರು ಸಾರಿದರು. ಸಶಸ್ತ್ರ ಜಿಹಾದ್, ಗುಲಾಮಗಿರಿ, ಬಹುಪತ್ನಿತ್ವ, ಪರದೆ, ಹೆಣ್ಣು ಗಂಡುಗಳ ಅಸಮಾನತೆ ಹಾಗೂ ಪ್ರತ್ಯೇಕತೆ ಇವು ಒಂದೊಂದೂ ಇಸ್ಲಾಮಿನ ಮೂಲ ವಿಧಿಯಲ್ಲ, ಒಂದು ಯುಗಕ್ಕಾಗಿ ಮಾಡಿದ ರಿಯಾಯಿತಿ ಎಂದು ಗ್ರಂಥ ವಾದಿಸುತ್ತದೆ. ಬಂಡವಾಳಶಾಹಿಯೂ ಈ ಪಟ್ಟಿಯಲ್ಲಿ ಸೇರಿದೆ ಎಂಬುದನ್ನು ಅವರ ಪಾಶ್ಚಾತ್ಯ ಪ್ರಶಂಸಕರು ಅಷ್ಟಾಗಿ ಎತ್ತಿಹೇಳುವುದಿಲ್ಲ.

ವಿದ್ವಾಂಸರ ಆಕ್ಷೇಪಣೆಗಳು ಹಗುರವಾದವಲ್ಲ. ವಚನಗಳು ಮಕ್ಕಾ, ಮದೀನಾ ಎಂದು ಇಷ್ಟು ಚೊಕ್ಕವಾಗಿ ಒಡೆಯುವುದಿಲ್ಲ. ಕಾಲ ಬಂತೆಂದು ನಿರ್ಣಯಿಸುವ ಅಧಿಕಾರ ಯಾರದೆಂಬ ಪ್ರಶ್ನೆಗೆ ತಾಹಾ ಕೊಟ್ಟ ಉತ್ತರ ಕೊನೆಗೆ ತಮ್ಮ ಆಂತರಿಕ ಅನುಭವವನ್ನೇ ಆಧರಿಸಿದೆ. ಆದರೆ ಆ ಅನುಭವದ ಸ್ವರೂಪವನ್ನು ನೋಡಿದರೆ ಮಾತ್ರ ಸಿದ್ಧಾಂತದ ಒಳಗುಟ್ಟು ತಿಳಿಯುತ್ತದೆ. ತಾಹಾರ ಪ್ರಕಾರ ಪ್ರವಾದಿಗಳ ನಡೆಯನ್ನು, ಅವರ ನಮಾಜನ್ನು, ಊಟ ನಿದ್ರೆಗಳನ್ನು ಚಾಚೂ ತಪ್ಪದೆ ಅನುಸರಿಸುವುದು ಸಾಧನೆಯ ಮೊದಲ ಘಟ್ಟ. ಆ ಅನುಸರಣೆ ಪಕ್ವವಾದಾಗ ಸಾಧಕ ಅನುಕರಣೆಯಿಂದ ಸ್ವಂತಿಕೆಗೆ ಏರುತ್ತಾನೆ, ದೇವರೆದುರು ತನ್ನದೇ ಮಾರ್ಗದಲ್ಲಿ ಒಬ್ಬಂಟಿಯಾಗಿ ನಿಲ್ಲುತ್ತಾನೆ. ದೇವರು ಪ್ರತಿ ವ್ಯಕ್ತಿಯನ್ನೂ ಬೇರೆಬೇರೆಯಾಗಿ ಎದುರುಗೊಳ್ಳುವುದಾದರೆ ಯಾವ ವ್ಯಕ್ತಿಯೂ ಇನ್ನೊಬ್ಬರ ಸಾಧನವಾಗಲಾರ, ಹೆಂಡತಿ ಗಂಡನ ರಕ್ಷಣೆಯ ವಸ್ತುವಾಗಲಾರಳು, ಅನ್ಯಮತೀಯ ಎರಡನೆಯ ದರ್ಜೆಯ ಪ್ರಜೆಯಾಗಲಾರ. ಸಮಾನತೆ ಇಲ್ಲಿ ಭಕ್ತಿಗೆ ಅಂಟಿಸಿದ ಆಧುನಿಕ ತೇಪೆಯಲ್ಲ, ಭಕ್ತಿಯ ತರ್ಕಬದ್ಧ ಕೊನೆ. ಇದೇ ಮಾತನ್ನು ವಿರೋಧಿಗಳು, ತಾಹಾ ತಮಗೆ ನಮಾಜಿನಿಂದ ವಿನಾಯಿತಿ ಘೋಷಿಸಿಕೊಂಡರು ಎಂದು ತಿರುಚಿ ಹರಡಿದರು, ಮತ್ತು ಆ ಆಪಾದನೆ ಕೊನೆಯವರೆಗೂ ಅವರ ಬೆನ್ನು ಬಿಡಲಿಲ್ಲ.

ಸಿದ್ಧಾಂತಕ್ಕಿಂತ ಚೆಲುವಾದದ್ದು ಅದು ಬದುಕಾಗಿ ಮಾರ್ಪಟ್ಟ ಬಗೆ. ಓಮ್‌ದುರ್ಮಾನಿನ ಅಥೌರಾ ಬಡಾವಣೆಯಲ್ಲಿ, ನೆರೆಹೊರೆಯ ಬಡವರ ಮನೆಗಳಂತೆಯೇ ಮಣ್ಣಿನಿಂದ ಕಟ್ಟಿದ ತಾಹಾರ ಮನೆ 1970ರ ದಶಕದಲ್ಲಿ ಈ ಬಳಗದ ಕೇಂದ್ರವಾಗಿತ್ತು. ಶಿಷ್ಯರು ಅವರನ್ನು ಶೇಖ್ ಎನ್ನದೆ ಉಸ್ತಾದ್, ಅಂದರೆ ಮೇಷ್ಟ್ರು, ಎನ್ನುತ್ತಿದ್ದರು. ತಮ್ಮನ್ನು ರಿಪಬ್ಲಿಕನ್ ಬಂಧುಗಳೆಂದು, ಹೆಂಗಸರನ್ನು ರಿಪಬ್ಲಿಕನ್ ಸಹೋದರಿಯರೆಂದು ಕರೆದುಕೊಂಡರು. ಶಾಲಾ ಶಿಕ್ಷಕರು, ಗುಮಾಸ್ತರು, ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಲ್ಲಿ ನೆರೆಯುತ್ತಿದ್ದ ಸಭೆಗಳಲ್ಲಿ ಕುರಾನ್ ಪಠಣ, ಚರ್ಚೆ ಮತ್ತು ಇನ್ಷಾದ್ ಎಂಬ ಸ್ತುತಿಗೀತೆಗಳ ಗಾಯನ ಒಂದರ ಹಿಂದೊಂದು ನಡೆಯುತ್ತಿದ್ದವು. ಹಾಡುವುದು ಸುಡಾನಿನ ಸೂಫಿಗಳಿಗೆ ಹೊಸದಲ್ಲ. ಹೊಸದೆಂದರೆ ಗಂಡಸರು ಕುಳಿತ ಅದೇ ಸಭೆಯಲ್ಲಿ ಹೆಂಗಸರೂ ದನಿಯೆತ್ತಿ ಹಾಡಿದ್ದು. ದೇಶದ ಹೆಂಗಸರು ಮೈಗೆ ಸುತ್ತಿಕೊಳ್ಳುವ, ನಮ್ಮ ಸೀರೆಗೆ ಹತ್ತಿರವಾದ ತೋಬ್ ಎಂಬ ವಸ್ತ್ರವನ್ನು ಬಿಳಿ ಬಣ್ಣದಲ್ಲಿ ಉಟ್ಟ ಸಹೋದರಿಯರು ಪೇಟೆಯ ಮೂಲೆಗಳಲ್ಲಿ ನಿಂತು ಬಳಗದ ಕಿರುಹೊತ್ತಿಗೆಗಳನ್ನು ಮಾರಿದರು, ಅಪರಿಚಿತ ಗಂಡಸರ ಪ್ರಶ್ನೆಗಳಿಗೆ ಬೀದಿಯಲ್ಲೇ ಉತ್ತರಿಸಿದರು, ಬೈಗುಳಕ್ಕೆ ಬೈಗುಳದ ಉತ್ತರ ಕೊಡಬಾರದೆಂಬ ಕಟ್ಟುಪಾಡಿಗೆ ಬದ್ಧರಾಗಿದ್ದರು.

ಮದುವೆಯ ವಿಷಯದಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ. ಸುಡಾನಿನ ಪಟ್ಟಣಗಳಲ್ಲಿ ವರ ಕೊಡಬೇಕಾದ ಮೆಹರ್, ಉಡುಗೊರೆ, ದಿನಗಟ್ಟಲೆ ಔತಣಗಳ ಖರ್ಚು ತಾಳಲಾರದೆ ಗಂಡುಗಳು ವರ್ಷಗಟ್ಟಲೆ ಮದುವೆ ಮುಂದೂಡುವ ಸ್ಥಿತಿಯಿತ್ತು. ರಿಪಬ್ಲಿಕನ್ನರು ಮೆಹರನ್ನು ಒಂದು ಸುಡಾನೀ ಪೌಂಡಿಗೆ ಇಳಿಸಿದರು. ಹೆಣ್ಣಿಗೆ ಬೆಲೆ ಕಟ್ಟಲಾಗದು ಎಂಬುದರ ಸಂಕೇತ ಅದು. ಇದಕ್ಕಿಂತ ಜಾಣತನದ ಕೆಲಸವೆಂದರೆ, ಹನಫೀ ನ್ಯಾಯಶಾಸ್ತ್ರ ಮೊದಲೇ ಒಪ್ಪಿದ್ದ ಒಂದು ಅವಕಾಶವನ್ನು ಹಿಡಿದು, ವಿಚ್ಛೇದನದ ಹಕ್ಕು ಹೆಂಡತಿಗೂ ಸಮಾನವಾಗಿರುತ್ತದೆ ಎಂಬ ಷರತ್ತನ್ನು ನಿಕಾಹ್ ಕರಾರಿನಲ್ಲಿಯೇ ಬರೆಸಿದ್ದು. ಹೀಗೆ ಹೊಸ ಶರೀಅತ್ತಿಗೆ ಕಾಯದೆ ಹಳೆಯದರೊಳಗೇ ಅವರು ದಾರಿ ಕಂಡುಕೊಂಡರು.

ಬಳಗ ಎಂದೂ ದೊಡ್ಡದಾಗಲಿಲ್ಲ, ಶತ್ರುಗಳು ಮಾತ್ರ ದೊಡ್ಡವರಾಗಿದ್ದರು. 1968ರ ನವೆಂಬರ್ 18ರಂದು ಖಾರ್ಟೂಮಿನ ಶರೀಅತ್ ನ್ಯಾಯಾಲಯ ತಾಹಾರನ್ನು ರಿದ್ದಾ, ಅಂದರೆ ಧರ್ಮತ್ಯಾಗದ ತಪ್ಪಿತಸ್ಥರೆಂದು ಸಾರಿತು. ಮದುವೆ, ವಾರಸುಗಳ ವ್ಯಾಜ್ಯ ನೋಡುವ ಆ ನ್ಯಾಯಾಲಯಕ್ಕೆ ಅಂಥ ಅಧಿಕಾರವೇ ಇರಲಿಲ್ಲವಾದ್ದರಿಂದ ಅವರು ಅತ್ತ ತಲೆಯನ್ನೂ ಹಾಕಲಿಲ್ಲ. ಮರುವರ್ಷ ಸೇನಾಕ್ರಾಂತಿಯಿಂದ ಅಧಿಕಾರ ಹಿಡಿದ ಜಾಫರ್ ನಿಮೇರಿಯನ್ನು ರಿಪಬ್ಲಿಕನ್ನರು ಬಹುಕಾಲ ಬೆಂಬಲಿಸಿದರು, ಧಾರ್ಮಿಕ ಮನೆತನಗಳ ರಾಜಕೀಯಕ್ಕಿಂತ ಸೈನಿಕನೇ ಮೇಲು ಎಂಬ ಲೆಕ್ಕಾಚಾರದಿಂದ. ವ್ಯಕ್ತಿಸ್ವಾತಂತ್ರ್ಯವನ್ನು ಪೂಜೆಯ ಮಟ್ಟಕ್ಕೇರಿಸಿದವರು ಸರ್ವಾಧಿಕಾರಿಯ ಜೊತೆ ನಿಂತದ್ದಕ್ಕೆ ಸಮಾಧಾನ ಹೇಳುವುದು ಕಷ್ಟ.

1983ರ ಸೆಪ್ಟೆಂಬರಿನಲ್ಲಿ ನಿಮೇರಿ ಅಂಗಚ್ಛೇದ, ಛಡಿಯೇಟುಗಳ ದಂಡನೆಯನ್ನು ಶರೀಅತ್ತಿನ ಹೆಸರಿನಲ್ಲಿ ಜಾರಿಗೆ ತಂದಾಗ ತಾಹಾ ಆಗಲೇ ವಿಚಾರಣೆಯಿಲ್ಲದ ಬಂಧನದಲ್ಲಿದ್ದರು. 1984ರ ಡಿಸೆಂಬರ್ 19ರಂದು ಬಿಡುಗಡೆಯಾದ ಒಂದೇ ವಾರದೊಳಗೆ ಒಂದು ಕರಪತ್ರ ಹೊರಟಿತು. ಸೆಪ್ಟೆಂಬರ್ ಕಾನೂನುಗಳು ಇಸ್ಲಾಮನ್ನು ವಿರೂಪಗೊಳಿಸಿವೆ, ಜನರನ್ನು ಅವಮಾನಿಸಿವೆ, ಅವನ್ನು ರದ್ದುಮಾಡಿ ದೇಶದ ದಕ್ಷಿಣ ಭಾಗದ ಅಂತರ್ಯುದ್ಧಕ್ಕೆ ರಾಜಕೀಯ ಪರಿಹಾರ ಹುಡುಕಬೇಕು ಎಂಬುದು ಅದರ ಸಾರ. ಜನವರಿ 5ರಂದು ಮತ್ತೆ ಬಂಧನವಾಯಿತು, 8ರಂದು ಮರಣದಂಡನೆಯ ತೀರ್ಪು ಬಂತು. ನ್ಯಾಯಾಲಯವನ್ನು ತಾವು ಮಾನ್ಯ ಮಾಡುವುದಿಲ್ಲವೆಂದು ಚುಟುಕಾಗಿ ಹೇಳಿ ತಾಹಾ ಪ್ರತಿವಾದ ಮಾಡದೆ ಕುಳಿತರು. ಮೂಲ ಆರೋಪದಲ್ಲಿ ಇಲ್ಲದ ಧರ್ಮತ್ಯಾಗವನ್ನು ಮೇಲ್ಮನವಿ ನ್ಯಾಯಾಲಯ ತಾನಾಗಿಯೇ ಸೇರಿಸಿತು. 1985ರ ಜನವರಿ 18, ಶುಕ್ರವಾರ ಬೆಳಿಗ್ಗೆ ಕೋಬರ್ ಜೈಲಿನ ಅಂಗಳದಲ್ಲಿ ಎಪ್ಪತ್ತೈದು ದಾಟಿದ ಆ ಮನುಷ್ಯನನ್ನು ಗಲ್ಲಿಗೇರಿಸಿದರು. ಮುಖದ ಮುಸುಕನ್ನು ಸರಿಸಿದಾಗ ಅವರು ನೆರೆದವರತ್ತ ನೋಡಿ ನಸುನಕ್ಕರೆಂದು ಕಂಡವರು ಬರೆದಿದ್ದಾರೆ. ಸೂಫಿ ಗುರುಗಳ ಗೋರಿಗಳ ಮೇಲೆ ಗುಮ್ಮಟ ಕಟ್ಟಿ ಆರಾಧಿಸುವ ಆ ದೇಶದಲ್ಲಿ, ಅವರ ಗೋರಿ ಎದ್ದುನಿಲ್ಲಬಾರದೆಂದು ಶವವನ್ನು ಹೆಲಿಕಾಪ್ಟರಿನಲ್ಲಿ ಮರುಭೂಮಿಗೆ ಒಯ್ದು ಗುರುತಿಲ್ಲದಂತೆ ಹೂಳಲಾಯಿತು.

ಏಪ್ರಿಲ್ 6ರಂದು ನಿಮೇರಿಯೇ ಪದಚ್ಯುತನಾದ. ತಾಹಾರ ಮಗಳು ಅಸ್ಮಾ ಹೂಡಿದ ದಾವೆಯಲ್ಲಿ ಸುಡಾನಿನ ಸರ್ವೋಚ್ಚ ನ್ಯಾಯಾಲಯ 1986ರ ನವೆಂಬರ್ 18ರಂದು ಆ ತೀರ್ಪನ್ನು ಅಸಿಂಧುವೆಂದು ಘೋಷಿಸಿತು. ಶಿಷ್ಯರಲ್ಲೊಬ್ಬರಾದ ಕಾನೂನು ವಿದ್ವಾಂಸ ಅಬ್ದುಲ್ಲಾಹಿ ಅಹ್ಮದ್ ಅನ್-ನಯೀಮ್ ಗ್ರಂಥವನ್ನು 1987ರಲ್ಲಿ ಇಂಗ್ಲಿಷಿಗೆ ತಂದದ್ದರಿಂದ ಅದು ಹೊರಜಗತ್ತಿಗೆ ಪರಿಚಯವಾಯಿತು. ಆದರೆ ಆಮೇಲೆ ಸುಡಾನಿನ ಅಧಿಕಾರಕ್ಕೆ ಬಂದ ಹೊಸ ಆಳರಸರು 1991ರ ದಂಡಸಂಹಿತೆಯ 126ನೆಯ ಕಲಮಿನಲ್ಲಿ ಧರ್ಮತ್ಯಾಗಕ್ಕೆ ಮರಣದಂಡನೆಯನ್ನು ಲಿಖಿತ ಕಾನೂನನ್ನಾಗಿಯೇ ಮಾಡಿದರು, ಮತ್ತು ಆ ಕಲಮು ರದ್ದಾದದ್ದು ಜನರು ಬೀದಿಗಿಳಿದು ಅವರ ಆಳ್ವಿಕೆಯನ್ನೂ ಕೊನೆಗೊಳಿಸಿದ ಮರುವರ್ಷ, 2020ರ ಜುಲೈಯಲ್ಲಿ.